ಯಾವ ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕಲಿ? ತುಮಕೂರಿನಲ್ಲಿ ಕೂತು ನಾನು ಪಟ್ಟಿ ಮಾಡಿದ ಬಗೆ

ಹೊರದೇಶದಲ್ಲಿ ಫಾರ್ಮಸಿ ಓದಬೇಕು ಅಂತ ಮನೆಯಲ್ಲಿ ಹೇಳಿದಾಗಿನಿಂದ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ. ಯಾವ ಕಾಲೇಜು? ಅಪ್ಪ ಕೇಳಿದರು. ಬಿ.ಎಚ್. ರಸ್ತೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಮಾವ ಕೇಳಿದರು. ನಮ್ಮ ಲೆಕ್ಚರರ್‌ಗಳೂ ಕೇಳಿದರು. ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲು ಬೇರೆ ಎಷ್ಟೋ ಪ್ರಶ್ನೆಗಳನ್ನು ದಾಟಬೇಕಾಯಿತು. ಅದನ್ನೆಲ್ಲ ಬರೆದಿಡುತ್ತಿದ್ದೇನೆ. ತುಮಕೂರು, ಗುಬ್ಬಿ, ತಿಪಟೂರು, ಶಿರಾ ಕಡೆ ಬಿ ಫಾರ್ಮಾ ಮುಗಿಸಿ ಇದೇ ಯೋಚನೆಯಲ್ಲಿರುವ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅನ್ನೋದು ನನ್ನ ಆಸೆ.

ಮೊದಲು ನನ್ನ ವಿಷಯ. ತುಮಕೂರಿನಲ್ಲೇ ಬಿ ಫಾರ್ಮಾ ಓದಿದೆ. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡೆ. ಸ್ವಲ್ಪ ಕಾಲ ಮಾವನ ಅಂಗಡಿಯಲ್ಲಿ, ಆಮೇಲೆ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡಿದೆ. ಲ್ಯಾಬು, ಕಂಪನಿ, ಮಾರ್ಕೆಟಿಂಗ್ ಇವ್ಯಾವುದರ ಮೇಲೂ ನನಗೆ ಮನಸ್ಸಿಲ್ಲ. ರೋಗಿಯ ಎದುರು ನಿಂತು, ಅವರು ತಗೊಳ್ಳುವ ಮಾತ್ರೆಗಳನ್ನೆಲ್ಲ ಒಟ್ಟಿಗೆ ನೋಡಿ, ಯಾವುದು ಇರಲಿ, ಯಾವುದು ಬೇಡ ಅಂತ ಡಾಕ್ಟರ ಜೊತೆ ಮಾತಾಡುವ ಕೆಲಸ ಬೇಕು. ಅಂದರೆ ನಾನು ಹೋಗುವ ದೇಶದಲ್ಲಿ ಫಾರ್ಮಸಿಸ್ಟ್ ಅಂತ ಲೈಸೆನ್ಸ್ ಸಿಗಬೇಕು. ಡಿಗ್ರಿ ಇದ್ದು ಲೈಸೆನ್ಸ್ ಇಲ್ಲದಿದ್ದರೆ ನನಗೆ ಪ್ರಯೋಜನವಿಲ್ಲ. ಹಾಗಾಗಿ ಕಾಲೇಜಿನ ಹೆಸರು ಹುಡುಕುವ ಮುಂಚೆ ಪ್ರತಿ ದೇಶದ ಲೈಸೆನ್ಸ್ ನಿಯಮ ಓದಲು ಕೂತೆ.

ಅಮೆರಿಕದ ನಿಯಮ ಓದಿದಾಗ ಎದುರಾದದ್ದು ದೊಡ್ಡ ಗೋಡೆ. ಹೊರಗಡೆ ಫಾರ್ಮಸಿ ಓದಿದವರು ಅಲ್ಲಿ ಲೈಸೆನ್ಸ್ ಪಡೆಯಬೇಕಾದರೆ ಎನ್‌ಎಬಿಪಿ ಅನ್ನುವ, ಅಲ್ಲಿನ ಫಾರ್ಮಸಿ ಬೋರ್ಡ್‌ಗಳ ಸಂಸ್ಥೆಯಿಂದ ಎಫ್‌ಪಿಜಿಇಸಿ ಪ್ರಮಾಣಪತ್ರ ತಗೋಬೇಕು. 2003ರ ಜನವರಿ 1ರ ನಂತರ ಪಾಸಾದವರಿಗೆ ಫಾರ್ಮಸಿ ಡಿಗ್ರಿ ಕನಿಷ್ಠ 5 ವರ್ಷದ್ದಾಗಿರಬೇಕು. ನಮ್ಮ ಬಿ ಫಾರ್ಮಾ 4 ವರ್ಷ. ಮೇಲೆ ಎರಡು ವರ್ಷ ಎಂ ಫಾರ್ಮಾ ಮಾಡಿದರೂ ಅದನ್ನು ಈ ಐದರ ಲೆಕ್ಕಕ್ಕೆ ಸೇರಿಸುವುದಿಲ್ಲ. ನಮ್ಮ ದೇಶದಲ್ಲಿ 2008ರಲ್ಲಿ ಶುರುವಾದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) 6 ವರ್ಷದ ಕೋರ್ಸ್. ಅದನ್ನು ಓದಿದವರಿಗೆ ಈ ತೊಂದರೆ ಇಲ್ಲ. ಪಿಯುಸಿ ಆದಮೇಲೆ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಬಿ ಫಾರ್ಮಾನೋ ಫಾರ್ಮ್ ಡಿನೋ ಅಂತ ಆರಿಸುವ ಹೊತ್ತಿಗೆ ಈ ಮಾತನ್ನು ಮಕ್ಕಳಿಗೆ ಯಾರಾದರೂ ಹೇಳಬೇಕು. ಹೊರಗೆ ಹೋಗುವ ಆಸೆ ಸ್ವಲ್ಪ ಇದ್ದರೂ ಆ ಎರಡು ವರ್ಷ ಬಹಳ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಬಿ ಫಾರ್ಮಾ ಆದವರಿಗೆ ಇಲ್ಲೇ ಮೂರು ವರ್ಷದ ಫಾರ್ಮ್ ಡಿ ಪೋಸ್ಟ್ ಬ್ಯಾಕಲಾರಿಯೇಟ್ ಇದೆ. ನನ್ನ ಸೀನಿಯರ್ ಅಕ್ಕ ಒಬ್ಬರು ಆ ದಾರಿ ಹಿಡಿದಿದ್ದಾರೆ. ಖರ್ಚು ಕಡಿಮೆ, ಅದು ನಿಜ. ಆದರೆ ಅದಾದ ಮೇಲೆ ಆ ಪ್ರಮಾಣಪತ್ರಕ್ಕಾಗಿ ಎಫ್‌ಪಿಜಿಇಇ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಅಲ್ಲಿನ ರಾಜ್ಯ ಕೇಳುವಷ್ಟು ಗಂಟೆ ಇಂಟರ್ನ್ ಕೆಲಸ, ಆಮೇಲೆ ನ್ಯಾಪ್ಲೆಕ್ಸ್ ಲೈಸೆನ್ಸ್ ಪರೀಕ್ಷೆ. ಇದೆಲ್ಲದರ ನಡುವೆ ಇಲ್ಲಿ ಕೂತಿರುವವರಿಗೆ ವೀಸಾ ಕೊಡಿಸುವ ಮಾಲೀಕರು ಅಲ್ಲಿ ಸಿಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅನ್ನುವ ಕೆಲಸದ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆಯಾಯಿತು. ಇನ್ನೂ ಕೆಲಸ ಗೊತ್ತಿಲ್ಲದ ಹೊಸಬರಿಗೆ ಅಷ್ಟು ದುಡ್ಡು ಯಾರು ಕಟ್ಟುತ್ತಾರೆ? ಹಾಗಾಗಿ ಹೋಗುವುದಾದರೆ ಅಲ್ಲೇ ಓದಬೇಕು ಅಂತ ನಿರ್ಧಾರ ಮಾಡಿದೆ.

ಇಲ್ಲಿ ಒಂದು ವಿಷಯ ಸಿಟ್ಟಿನಿಂದಲೇ ಹೇಳಬೇಕು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಅಪ್ಪನ ಜೊತೆ ಹೋಗಿದ್ದೆ. ಅವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದೆಲ್ಲ ಫಾರ್ಮಸ್ಯೂಟಿಕಲ್ ಸೈನ್ಸಸ್ ಎಂ.ಎಸ್. "ಇದನ್ನ ಮಾಡಿದ್ರೆ ಆರಾಮಾಗಿ ಫಾರ್ಮಸಿಸ್ಟ್ ಆಗ್ತಾರೆ ಸರ್" ಅಂತ ಅಪ್ಪನಿಗೆ ಹೇಳಿದರು. ಹಾಗಾಗುವುದಿಲ್ಲ. ಎಂ.ಎಸ್. ಒಳ್ಳೆ ಡಿಗ್ರಿ. ಔಷಧ ತಯಾರಿಕೆ, ಸಂಶೋಧನೆ, ಕಂಪನಿ ಕೆಲಸ ಬೇಕು ಅನ್ನುವವರಿಗೆ ಸರಿಯಾದ ದಾರಿ. ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ ಕೋರ್ಸ್‌ಗಳ) ಪಟ್ಟಿಯಲ್ಲಿ ಬರುವುದರಿಂದ ಓದು ಮುಗಿದ ಮೇಲೆ 12 ತಿಂಗಳ ಒಪಿಟಿ, ಅಂದರೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡುವ ಅನುಮತಿ, ಅದರ ಜೊತೆಗೆ ಇನ್ನೂ 24 ತಿಂಗಳು ಅಲ್ಲಿ ಕೆಲಸ ಮಾಡಬಹುದು. ಆದರೆ ಅದರಿಂದ ಫಾರ್ಮಸಿಸ್ಟ್ ಲೈಸೆನ್ಸ್ ಪರೀಕ್ಷೆಗೆ ಕೂರುವ ಹಕ್ಕು ಬರುವುದಿಲ್ಲ. ಲೈಸೆನ್ಸ್ ಬೇಕಾದರೆ ಅಲ್ಲಿನ 4 ವರ್ಷದ ಫಾರ್ಮ್ ಡಿ ಓದಬೇಕು. ಅದು ಸ್ಟೆಮ್ ಪಟ್ಟಿಯಲ್ಲಿಲ್ಲ, 12 ತಿಂಗಳ ಒಪಿಟಿ ಮಾತ್ರ. ಈ ಎರಡೂ ಮಾತನ್ನು ಎದುರಿಗೆ ಇಟ್ಟು, ನಿಮಗೆ ಯಾವುದು ಬೇಕು ಅಂತ ಕೇಳಬೇಕಾದವರು ಅವರು. ಮನೆ ಅಡ ಇಟ್ಟು ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ಅರ್ಧ ಮಾತು ಹೇಳುವುದು ದೊಡ್ಡ ಅನ್ಯಾಯ.

ಅಲ್ಲಿಂದ ಮುಂದೆ ನಾನೇ ಹುಡುಕಿದೆ. ಅಮೆರಿಕದಲ್ಲಿ ಎಸಿಪಿಇ ಅನ್ನುವ ಸಂಸ್ಥೆ ಮಾನ್ಯತೆ ಕೊಟ್ಟಿರುವ ಫಾರ್ಮ್ ಡಿ ಕಾಲೇಜುಗಳು 140ರ ಆಸುಪಾಸು. ಅರ್ಜಿ ಬಹುತೇಕ ಎಲ್ಲಕ್ಕೂ ಫಾರ್ಮ್‌ಕ್ಯಾಸ್ ಅನ್ನುವ ಒಂದೇ ಕಡೆ. ಅದರಲ್ಲಿ ಕಾಲೇಜುಗಳ ಡೈರೆಕ್ಟರಿ ಇದೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ತೆಗೆದು ನೋಡಬಹುದು. ಒಂದೊಂದು ಕಾಲೇಜಿನ ಪುಟದಲ್ಲೂ ಹೊರದೇಶದ ವಿದ್ಯಾರ್ಥಿಗಳನ್ನು ತಗೋತಾರಾ, ಹೊರದೇಶದ ಮಾರ್ಕ್ಸ್ ಕಾರ್ಡ್ ಒಪ್ಪುತ್ತಾರಾ ಅಂತ ಬರೆದಿರುತ್ತದೆ. ಜರಡಿ ಹಿಡಿದ ಹಾಗೆ ಮೊದಲ ಸುತ್ತಿನಲ್ಲೇ ಬಹಳ ಹೆಸರು ಉದುರಿಹೋದವು. ಕೆಲವು ಸರ್ಕಾರಿ ಕಾಲೇಜುಗಳು ಆ ದೇಶದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಕೆಲವು ಹೊರದೇಶದವರನ್ನು ತಗೊಂಡರೂ ಮೊದಲು ಅಮೆರಿಕದ ಯಾವುದಾದರೂ ಕಾಲೇಜಿನಲ್ಲಿ ಒಂದಷ್ಟು ಕ್ರೆಡಿಟ್ ಓದಿರಬೇಕು ಅನ್ನುತ್ತವೆ. ಎಲ್ಲರ ಬಾಯಲ್ಲಿರುವ ದೊಡ್ಡ ಹೆಸರುಗಳೂ ಹೀಗೇ ಹೋದವು. ರ‍್ಯಾಂಕಿಂಗ್ ಪಟ್ಟಿ ಹಿಡಿದು ಹೊರಟವರಿಗೆ ಇದು ಗೊತ್ತಾಗುವಷ್ಟರಲ್ಲಿ ಅರ್ಜಿ ಶುಲ್ಕ ಹೋಗಿರುತ್ತದೆ. ಫಾರ್ಮ್‌ಕ್ಯಾಸ್‌ನಲ್ಲಿ ಒಂದೊಂದು ಕಾಲೇಜು ಸೇರಿಸಿದಾಗಲೂ ಬೇರೆ ಬೇರೆ ಶುಲ್ಕ, ಕೆಲವು ಕಾಲೇಜುಗಳದ್ದು ಮೇಲೆ ಇನ್ನೊಂದು. ಡಾಲರ್‌ನಲ್ಲಿ ಕಟ್ಟುವಾಗ ಪ್ರತಿಯೊಂದೂ ಭಾರವೇ.

ಸಮಾಧಾನದ ಸಂಗತಿಯೂ ಇದೆ. ಪಿಸಿಎಟಿ ಅನ್ನುವ ಪ್ರವೇಶ ಪರೀಕ್ಷೆ 2024ರ ಜನವರಿಯಲ್ಲಿ ನಿಂತುಹೋಯಿತು. ಹಳೆಯ ಸಲಹೆಗಳಲ್ಲಿ ಅದರ ಪುಸ್ತಕ ತಗೊಳ್ಳಿ ಅಂತ ಇನ್ನೂ ಇರುತ್ತದೆ. ಬೇಡ.

ಎರಡನೇ ಸುತ್ತು ಸಿಲಬಸ್‌ನದು. ಇದಕ್ಕೇ ನಾನು ಹೆಚ್ಚು ಹೊತ್ತು ಕೂತಿದ್ದು. ಫಾರ್ಮ್ ಡಿ ಸೇರಲು ಅಲ್ಲಿನ ಹುಡುಗರು ಎರಡು ಮೂರು ವರ್ಷ ಡಿಗ್ರಿಯಲ್ಲಿ ಕೆಲವು ವಿಷಯ ಓದಿರಬೇಕು. ಅನಾಟಮಿ, ಫಿಸಿಯಾಲಜಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್, ಜೊತೆಗೆ ಅರ್ಥಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಜನರೆದುರು ಮಾತಾಡುವ ಕಲೆ. ಯಾವುದು ಬೇಕು ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ನಮ್ಮ ಬಿ ಫಾರ್ಮಾ ಸಿಲಬಸ್ ಪಿಸಿಐ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) ಮಾಡಿದ್ದು. ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೊಂದಿಸುತ್ತಾ ಹೋದೆ. ಹ್ಯೂಮನ್ ಅನಾಟಮಿ ಅಂಡ್ ಫಿಸಿಯಾಲಜಿ ಎರಡು ಸೆಮಿಸ್ಟರ್ ಇದೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ಮೂರು ಸೆಮಿಸ್ಟರ್ ಇದೆ, ಅವರು ಕೇಳುವುದಕ್ಕಿಂತ ಜಾಸ್ತಿಯೇ. ಎಂಟನೇ ಸೆಮಿಸ್ಟರ್‌ನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಇದೆ. ಮೊದಲ ಸೆಮಿಸ್ಟರ್‌ನಲ್ಲಿ ಕಮ್ಯುನಿಕೇಷನ್ ಸ್ಕಿಲ್ಸ್ ಇದೆ. ನಾನು ಪಿಯುಸಿಯಲ್ಲಿ ಗಣಿತ ತಗೊಂಡಿರಲಿಲ್ಲ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ರೆಮಿಡಿಯಲ್ ಮ್ಯಾಥಮ್ಯಾಟಿಕ್ಸ್ ಓದಿದ್ದೆ. ಅದರಲ್ಲಿ ಕ್ಯಾಲ್ಕುಲಸ್ ಬರುತ್ತದೆ. ಆದರೆ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ಮಾತ್ರ ಇರುತ್ತದೆ. ಒಳಗೆ ಏನು ಓದಿದೆವು ಅಂತ ಆ ಹೆಸರಿನಿಂದ ಅವರಿಗೆ ಹೇಗೆ ತಿಳಿಯಬೇಕು? ಸಿಲಬಸ್‌ನ ಪುಟಗಳನ್ನೇ ಜೋಡಿಸಿ ಅಡ್ಮಿಷನ್ ಆಫೀಸಿಗೆ ಮೇಲ್ ಮಾಡಿದೆ. ಕೆಲವು ಕಡೆ ಒಪ್ಪಿದರು. ಒಂದು ಕಡೆ ಕ್ಯಾಲ್ಕುಲಸ್ ಬೇರೆಯಾಗಿ ಓದಿ ಬನ್ನಿ ಅಂದರು. ಅರ್ಥಶಾಸ್ತ್ರ ನಮ್ಮ ಸಿಲಬಸ್‌ನಲ್ಲಿ ಇಲ್ಲವೇ ಇಲ್ಲ. ಅದನ್ನು ಕಡ್ಡಾಯ ಮಾಡಿರುವ ಕಾಲೇಜುಗಳನ್ನು ಪಟ್ಟಿಯಿಂದ ತೆಗೆದೆ.

ಇದರ ಜೊತೆಗೆ ಮಾರ್ಕ್ಸ್ ಕಾರ್ಡ್‌ಗಳನ್ನು ಡಬ್ಲ್ಯುಇಎಸ್ ಅಥವಾ ಇಸಿಇ ಥರದ ಸಂಸ್ಥೆಯಿಂದ ಅಮೆರಿಕದ ಲೆಕ್ಕಕ್ಕೆ ಬದಲಾಯಿಸಬೇಕು. ಯಾವ ಕಾಲೇಜು ಯಾವುದನ್ನು ಒಪ್ಪುತ್ತದೆ ಅಂತ ಮೊದಲೇ ನೋಡಿಕೊಂಡರೆ ಎರಡು ಸಲ ದುಡ್ಡು ಕಟ್ಟುವುದು ತಪ್ಪುತ್ತದೆ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ನ ಅಂಕಗಳ ಅಧಿಕೃತ ಪ್ರತಿ, ವಿಶ್ವವಿದ್ಯಾಲಯದಿಂದಲೇ ಹೋಗಬೇಕು. ನಮ್ಮದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಆಫೀಸು ಬೆಂಗಳೂರಿನ ಜಯನಗರದಲ್ಲಿ. ಬೆಳಿಗ್ಗೆ ತುಮಕೂರಿನಿಂದ ಟ್ರೈನ್ ಹತ್ತಿದರೆ ಕೆಲಸ ಮುಗಿಸಿ ಸಂಜೆಗೆ ವಾಪಸ್ ಬರಬಹುದು. ಫಾರ್ಮ್‌ಕ್ಯಾಸ್ ಸಾಮಾನ್ಯವಾಗಿ ಜೂನ್ ಜುಲೈ ಹೊತ್ತಿಗೆ ತೆರೆಯುತ್ತದೆ, ಬಂದ ಅರ್ಜಿಗಳನ್ನು ಬಂದ ಹಾಗೆ ನೋಡುತ್ತಾ ಹೋಗುತ್ತಾರೆ. ಹಾಗಾಗಿ ಟ್ರಾನ್ಸ್‌ಕ್ರಿಪ್ಟ್ ಕೆಲಸವನ್ನು ಬೇಸಿಗೆಯಲ್ಲೇ ಶುರು ಮಾಡುವುದು ಒಳ್ಳೆಯದು.

ಉಳಿದ ಕಾಲೇಜುಗಳಲ್ಲಿ ಒಳ್ಳೆಯದು ಯಾವುದು ಅಂತ ಹೇಗೆ ನೋಡೋದು? ನಾನು ಎರಡು ಅಂಕಿಗಳನ್ನು ನಂಬಿದೆ. ಒಂದು, ನ್ಯಾಪ್ಲೆಕ್ಸ್‌ನಲ್ಲಿ ಮೊದಲ ಸಲಕ್ಕೇ ಪಾಸಾದವರು ನೂರಕ್ಕೆ ಎಷ್ಟು ಅನ್ನುವುದು. ಕಾಲೇಜುವಾರು ಪಟ್ಟಿಯನ್ನು ಎನ್‌ಎಬಿಪಿ ಪ್ರಕಟಿಸುತ್ತದೆ. ಕೆಲವು ಕಾಲೇಜು 90 ದಾಟುತ್ತವೆ, ಕೆಲವು 60ರ ಹತ್ತಿರ ತಡವರಿಸುತ್ತವೆ. ಇನ್ನೊಂದು, ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಓದು ಮುಗಿಸಿದರು ಅನ್ನುವುದು. ಇದನ್ನು ಪ್ರತಿ ಕಾಲೇಜೂ ಜನರಿಗೆ ಕಾಣುವಂತೆ ಹಾಕಬೇಕು ಅಂತ ಎಸಿಪಿಇ ನಿಯಮವೇ ಇದೆ. ಹೊರಗಿನಿಂದ ಹೋದವರಿಗೆ ಈ ಎರಡನೆಯದು ಇನ್ನೂ ಮುಖ್ಯ. ಒಂದು ವರ್ಷ ಫೇಲಾದರೆ ಅಲ್ಲಿನವರಿಗೆ ಒಂದು ವರ್ಷ ಹೋಗುತ್ತದೆ. ನಮಗೆ ವೀಸಾ, ಸಾಲ, ಮನೆಯವರ ನೆಮ್ಮದಿ ಎಲ್ಲ ಒಟ್ಟಿಗೆ ಅಲ್ಲಾಡುತ್ತದೆ. ಅಲ್ಲಿ ಕೆಲವು ವರ್ಷಗಳಿಂದ ಫಾರ್ಮಸಿಗೆ ಅರ್ಜಿ ಹಾಕುವವರು ಕಡಿಮೆಯಾಗಿದ್ದಾರೆ. ಸೀಟು ತುಂಬಿಸಿಕೊಳ್ಳುವ ಆತುರ ಕೆಲವು ಕಾಲೇಜುಗಳಿಗೆ ಇದೆ. ಸುಲಭವಾಗಿ ಸೀಟು ಸಿಗುತ್ತದೆ ಅನ್ನುವುದನ್ನು ಒಳ್ಳೆ ಸುದ್ದಿ ಅಂತ ಮಾತ್ರ ತಿಳಿಯಬೇಡಿ. ಈ ಎರಡು ಅಂಕಿ ನೋಡಿದ ಮೇಲೆ ತೀರ್ಮಾನ ಮಾಡಿ.

ನಾಲ್ಕು ವರ್ಷ ಬೇಡ ಅನ್ನುವವರಿಗೆ ಬೇರೆ ಬಾಗಿಲುಗಳೂ ಇವೆ. ಫ್ಲಾರಿಡಾದ ನೋವಾ ಸೌತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹೊರದೇಶದಲ್ಲಿ ಫಾರ್ಮಸಿ ಓದಿದವರಿಗೇ ಅಂತ ಮೂರು ವರ್ಷದ ಫಾರ್ಮ್ ಡಿ ದಾರಿ ಇದೆ. ಕೊಲೊರಾಡೊ ವಿಶ್ವವಿದ್ಯಾಲಯವೂ ಹೊರದೇಶದ ಫಾರ್ಮಸಿಸ್ಟ್‌ಗಳಿಗಾಗಿ ಬೇರೆ ಕಾರ್ಯಕ್ರಮ ಮಾಡಿದೆ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿರುವ ಪೆಸಿಫಿಕ್ ವಿಶ್ವವಿದ್ಯಾಲಯದ್ದು ರಜೆ ಇಲ್ಲದೆ ಓದಿ ಮೂರೇ ವರ್ಷಕ್ಕೆ ಮುಗಿಸುವ ಕೋರ್ಸ್. ಒಂದು ವರ್ಷದ ಬಾಡಿಗೆ, ಊಟ ಉಳಿಯುತ್ತದೆ, ಸಂಬಳ ಒಂದು ವರ್ಷ ಬೇಗ ಶುರುವಾಗುತ್ತದೆ. ಆದರೆ ಹೊಸ ದೇಶಕ್ಕೆ ಹೊಂದಿಕೊಳ್ಳುತ್ತಾ ಅಷ್ಟು ವೇಗದಲ್ಲಿ ಓದುವ ತಾಕತ್ತು ನಮಗಿದೆಯಾ ಅಂತ ಒಬ್ಬೊಬ್ಬರೂ ಕೇಳಿಕೊಳ್ಳಬೇಕು. ನಾನು ನೋವಾ ಹೆಸರನ್ನು ಪಟ್ಟಿಯಲ್ಲಿ ಇಟ್ಟುಕೊಂಡೆ. ನಾವು ಈಗಾಗಲೇ ಓದಿರುವುದಕ್ಕೆ ಬೆಲೆ ಕೊಡುವ ಕೋರ್ಸ್ ಅದು ಅನ್ನುವ ಕಾರಣಕ್ಕೆ.

ಇಷ್ಟು ಹೊತ್ತಿಗೆ ಮನೆಯಲ್ಲಿ ದುಡ್ಡಿನ ಮಾತು ಶುರುವಾಯಿತು. ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಫೀಸು, ಇರುವ ಖರ್ಚು ಸೇರಿಸಿದರೆ ಬಹಳ ಕಡೆ 2 ಲಕ್ಷ ಡಾಲರ್ ದಾಟುತ್ತದೆ. ರೂಪಾಯಿಗೆ ತಿರುಗಿಸಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗುಬ್ಬಿ ಹತ್ತಿರ ನಮ್ಮದು ತೆಂಗಿನ ತೋಟ. ಬ್ಯಾಂಕಿಗೆ ಹೋದಾಗ ಅಪ್ಪ ಮೊದಲು ಕೇಳಿದ್ದು ಅದನ್ನೇ. "ತೋಟದ ಪಹಣಿ ತಂದಿದೀನಿ ಸರ್, ಅದರ ಮೇಲೆ ಕೊಡ್ತೀರಾ?" ಮ್ಯಾನೇಜರ್ ನಿಧಾನವಾಗಿ ತಿಳಿಸಿ ಹೇಳಿದರು. "ಎಜುಕೇಷನ್ ಲೋನಿಗೆ ಕೃಷಿ ಜಮೀನು ತಗೊಳ್ಳಲ್ಲ ಯಜಮಾನ್ರೇ. ಸೈಟು, ಮನೆ ಇದ್ರೆ ಹೇಳಿ. ಖಾತೆ, ಇಸಿ ಎಲ್ಲ ಸರಿ ಇರಬೇಕು." ಸಾಲ ಕಟ್ಟದಿದ್ದರೆ ಬ್ಯಾಂಕು ಅಡವಿಟ್ಟ ಆಸ್ತಿಯನ್ನು ವಶ ಮಾಡಿಕೊಳ್ಳಲು ಇರುವ ಸರ್ಫೇಸಿ ಕಾನೂನು ಕೃಷಿ ಜಮೀನಿಗೆ ಅನ್ವಯವಾಗುವುದಿಲ್ಲ. ಅದೇ ಕಾರಣ. ಎಕರೆಗಟ್ಟಲೆ ತೋಟ ಇದ್ದರೂ ಸಾಲ ನಿಂತದ್ದು ತುಮಕೂರಿನಲ್ಲಿರುವ ನಮ್ಮ ಮನೆಯ ಮೇಲೆ. ಹಳ್ಳಿ ಕಡೆಯವರು ಇದನ್ನು ಮೊದಲೇ ತಿಳಿದಿರಬೇಕು. ಎಷ್ಟು ಸಾಲ ಸಿಗುತ್ತದೆ ಅಂತ ಗೊತ್ತಾದ ಮೇಲೆ ಕಾಲೇಜು ಆರಿಸುವುದು ಬೇರೆ, ಸೀಟು ಸಿಕ್ಕಮೇಲೆ ಸಾಲಕ್ಕೆ ಓಡಾಡುವುದು ಬೇರೆ.

ಸಾಲದ ಮಿತಿ ತಿಳಿದ ಮೇಲೆ ಅಮೆರಿಕದ ಪಟ್ಟಿ ಮತ್ತೆ ಸಣ್ಣದಾಯಿತು. ಹೊರದೇಶದವರಿಗೂ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳು, ಸಣ್ಣ ಊರಿನಲ್ಲಿದ್ದು ಬಾಡಿಗೆ ಕಡಿಮೆ ಇರುವ ಕಾಲೇಜುಗಳು ಉಳಿದವು. ಆಗ ಬ್ರಿಟನ್ ಕಡೆಯೂ ಗಂಭೀರವಾಗಿ ನೋಡಿದೆ.

ಬ್ರಿಟನ್ನಿನಲ್ಲಿ ನಮ್ಮ ನಾಲ್ಕು ವರ್ಷದ ಡಿಗ್ರಿಯನ್ನು ತಳ್ಳಿಹಾಕುವುದಿಲ್ಲ. ನಮ್ಮ ದೇಶದಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುವ ಅರ್ಹತೆ ಇದ್ದವರಿಗೆ ಆಸ್‌ಪ್ಯಾಪ್ ಅನ್ನುವ ಒಂದು ವರ್ಷದ ಕೋರ್ಸ್ ಇದೆ. ಕೆಲವೇ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತದೆ. ಆಸ್ಟನ್, ಬ್ರೈಟನ್, ಹರ್ಟ್‌ಫೋರ್ಡ್‌ಶೈರ್, ಸಂಡರ್‌ಲ್ಯಾಂಡ್ ಮೊದಲಿನಿಂದ ನಡೆಸಿಕೊಂಡು ಬಂದಿರುವಂಥವು. ಅದಾದ ಮೇಲೆ 52 ವಾರ ಫೌಂಡೇಷನ್ ಟ್ರೈನಿಂಗ್, ಅದಕ್ಕೆ ಸಂಬಳ ಇರುತ್ತದೆ. ಆಮೇಲೆ ಅಲ್ಲಿ ಫಾರ್ಮಸಿಸ್ಟ್‌ಗಳನ್ನು ನೋಂದಾಯಿಸುವ ಜಿಪಿಎಚ್‌ಸಿ ನಡೆಸುವ ಪರೀಕ್ಷೆ. ಬರೆಯಲು ಮೂರು ಅವಕಾಶ ಮಾತ್ರ. ಒಟ್ಟು ಖರ್ಚು ಅಮೆರಿಕಕ್ಕಿಂತ ಬಹಳ ಕಡಿಮೆ. ಕಷ್ಟ ಇರುವುದು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ. ಓದು, ಬರಹ, ಕೇಳುವುದು, ಮಾತು ನಾಲ್ಕರಲ್ಲೂ ಒಂದೇ ಸಲದ ಪರೀಕ್ಷೆಯಲ್ಲಿ 7 ಬರಬೇಕು. ಸರಾಸರಿ 7 ಸಾಲದು. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನ್ನಂಥವರಿಗೆ ಬರಹದ ಭಾಗ ಭಾರ. ದಿನಾ ಒಂದು ಪ್ರಬಂಧ ಬರೆದು ನಮ್ಮ ಇಂಗ್ಲಿಷ್ ಲೆಕ್ಚರರ್‌ಗೆ ತೋರಿಸಿದೆ. ಅವರು ಬೇಸರ ಮಾಡಿಕೊಳ್ಳದೆ ತಿದ್ದಿಕೊಟ್ಟರು. ಆ ಋಣ ದೊಡ್ಡದು.

ಕೆನಡಾದಲ್ಲಿ ಪಿಇಬಿಸಿ ಪರೀಕ್ಷೆಗಳ ದಾರಿ ಇದೆ, ಆಸ್ಟ್ರೇಲಿಯಾದಲ್ಲಿ ಒಪ್ರಾ ಅನ್ನುವ ಪರೀಕ್ಷೆ (2025ಕ್ಕೆ ಮುಂಚೆ ಕ್ಯಾಪ್ಸ್ ಇತ್ತು). ಎರಡನ್ನೂ ಓದಿಕೊಂಡೆ. ಅವು ಮುಖ್ಯವಾಗಿ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯುವ ದಾರಿಗಳು. ನನಗೆ ಕಾಲೇಜು, ಆಸ್ಪತ್ರೆ, ತಿದ್ದುವ ಮೇಷ್ಟ್ರು ಬೇಕಿತ್ತು. ಹಾಗಾಗಿ ಅಲ್ಲಿಗೇ ಬಿಟ್ಟೆ.

ಕೊನೆಯ ಸುತ್ತಿನಲ್ಲಿ ಉಳಿದ ಕಾಲೇಜುಗಳಿಗೆಲ್ಲ ಒಂದೇ ಥರ ಪ್ರಶ್ನೆ ಕಳಿಸಿದೆ. ಈಗಿನ ಬ್ಯಾಚಿನಲ್ಲಿ ಸ್ಟೂಡೆಂಟ್ ವೀಸಾದಲ್ಲಿರುವವರು ಎಷ್ಟು ಜನ? ಅವರಿಗೆ ಇಂಟರ್ನ್ ಲೈಸೆನ್ಸ್ ಸಿಗಲು ತೊಂದರೆ ಆಗಿದೆಯಾ? ಕೊನೆಯ ವರ್ಷದ ರೊಟೇಷನ್, ಅಂದರೆ ಕೆಲಸದ ಜಾಗದಲ್ಲಿ ಕಲಿಯುವ ತರಬೇತಿ, ಎಲ್ಲೆಲ್ಲಿ? ಕಾರು ಇಲ್ಲದೆ ಹೋಗಲು ಆಗುತ್ತಾ? ಹಿಂದಿನ ಬ್ಯಾಚಿನ ಹೊರದೇಶದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಫಾರ್ಮ್ ಡಿಯಲ್ಲಿ ಕೊನೆಯ ವರ್ಷ ಕನಿಷ್ಠ 1440 ಗಂಟೆ ಆಸ್ಪತ್ರೆ, ಅಂಗಡಿ, ಕ್ಲಿನಿಕ್‌ಗಳಲ್ಲಿ ಕಳೆಯಬೇಕು. ಅದು ಎಲ್ಲಿ ಅನ್ನುವುದು ಸಣ್ಣ ವಿಷಯ ಅಲ್ಲ. ಒಂದು ಕಾಲೇಜಿನಿಂದ ಬಣ್ಣದ ಬ್ರೋಷರ್ ಮಾತ್ರ ಬಂತು. ಇನ್ನೊಂದು ಕಡೆಯಿಂದ ಪ್ರಶ್ನೆ ಪ್ರಶ್ನೆಗೂ ಉತ್ತರ ಬಂತು. ಅಲ್ಲೇ ಓದುತ್ತಿರುವ ಒಬ್ಬ ಭಾರತೀಯ ವಿದ್ಯಾರ್ಥಿನಿಯ ಜೊತೆ ಮಾತಾಡಿಸಿದರು. "ನಿಮ್ಮ ಕಾಲೇಜಿನ ಪಕ್ಕದಲ್ಲೇ ವಿಶ್ವವಿದ್ಯಾಲಯದ ಆಸ್ಪತ್ರೆ ಇದೆಯಾ ನೋಡ್ಕೊಳ್ಳಿ ಅಕ್ಕಾ" ಅಂದಳು ಆ ಹುಡುಗಿ. ವಿಶ್ವವಿದ್ಯಾಲಯಗಳು, ಅವುಗಳ ಜೊತೆ ಸೇರಿದ ಲಾಭರಹಿತ ಆಸ್ಪತ್ರೆಗಳು ಎಚ್-1ಬಿ ವೀಸಾ ವರ್ಷಕ್ಕೆ ಇಷ್ಟೇ ಅನ್ನುವ ಮಿತಿಗೆ, ಅದಕ್ಕಾಗಿ ಎತ್ತುವ ಲಾಟರಿಗೆ ಬರುವುದಿಲ್ಲ. ಅಲ್ಲಿ ಕೆಲಸ ಸಿಕ್ಕರೆ ಲಾಟರಿಗೆ ಕಾಯಬೇಕಿಲ್ಲ. ಬರೀ 12 ತಿಂಗಳ ಒಪಿಟಿ ಇರುವ ನಮ್ಮಂಥವರಿಗೆ ಇದಕ್ಕಿಂತ ಬೆಲೆಬಾಳುವ ಮಾತು ಇನ್ನೊಂದಿಲ್ಲ. ಆ ಮಾತಿನ ಮೇಲೆ ನನ್ನ ಪಟ್ಟಿಯಲ್ಲಿ ಎರಡು ಹೆಸರು ಮೇಲೆ ಕೆಳಗೆ ಆದವು.

ಅರ್ಜಿಯ ಜೊತೆ ಬರೆಯುವ ಪತ್ರಕ್ಕೆ ನಾನು ದೊಡ್ಡ ಮಾತುಗಳನ್ನು ಹುಡುಕಲಿಲ್ಲ. ಮಾವನ ಅಂಗಡಿಗೆ ಬರುತ್ತಿದ್ದ ಒಬ್ಬ ಅಜ್ಜನ ವಿಷಯ ಬರೆದೆ. ಅವರು ಬಿಪಿಗೆ ಒಬ್ಬ ಡಾಕ್ಟರ್ ಹತ್ತಿರ, ಕಾಲು ನೋವಿಗೆ ಇನ್ನೊಬ್ಬರ ಹತ್ತಿರ ತೋರಿಸುತ್ತಿದ್ದರು. ಇಬ್ಬರೂ ಆಮ್ಲೊಡಿಪಿನ್ ಅನ್ನುವ ಬಿಪಿ ಮಾತ್ರೆ ಬರೆದಿದ್ದರು. ಬ್ರ್ಯಾಂಡ್ ಹೆಸರು ಬೇರೆ ಬೇರೆ. ಅಜ್ಜ ಎರಡನ್ನೂ ನುಂಗುತ್ತಿದ್ದರು, ಅದರಿಂದ ಕಾಲು ಊದಿಕೊಂಡಿತ್ತು. ಎರಡು ಚೀಟಿ ಒಟ್ಟಿಗೆ ಇಟ್ಟು ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಒಂದನ್ನು ನಿಲ್ಲಿಸಿದೆವು. ಅಂಥ ಕೆಲಸವನ್ನು ದಿನವೂ, ಅಧಿಕಾರದಿಂದ, ಸರಿಯಾದ ತರಬೇತಿಯಿಂದ ಮಾಡಬೇಕು ಅನ್ನುವುದು ನನ್ನ ಆಸೆ ಅಂತ ಬರೆದೆ. ಶಿಫಾರಸು ಪತ್ರ ಫಾರ್ಮಕಾಲಜಿ ಮೇಡಂ ಒಂದು ಕೊಟ್ಟರು, ಆಸ್ಪತ್ರೆಯ ಹಿರಿಯ ಫಾರ್ಮಸಿಸ್ಟ್ ಒಂದು. ಫಾರ್ಮಸಿಸ್ಟ್ ಕೈಯಿಂದಲೇ ಒಂದು ಪತ್ರ ಇರಬೇಕು ಅಂತ ಹಲವು ಕಾಲೇಜು ಕೇಳುತ್ತವೆ.

ಈಗ ಅರ್ಜಿ ಹಾಕಿರುವುದು ಇವಕ್ಕೆ. ಬ್ರಿಟನ್ನಿನಲ್ಲಿ ಸಂಡರ್‌ಲ್ಯಾಂಡ್, ಆಸ್ಟನ್. ಅಮೆರಿಕದಲ್ಲಿ ನೋವಾ, ಜೊತೆಗೆ ವಿಶ್ವವಿದ್ಯಾಲಯದ ಆಸ್ಪತ್ರೆ ಪಕ್ಕದಲ್ಲೇ ಇರುವ ಸಣ್ಣ ಊರಿನ ಎರಡು ಸರ್ಕಾರಿ ಕಾಲೇಜು. ಅಮೆರಿಕಕ್ಕೆ ಹೋಗುವುದು ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಇಲ್ಲದಿದ್ದರೆ ಬ್ರಿಟನ್. ಅಪ್ಪ ಈಗ ಯಾವ ಕಾಲೇಜು ಅಂತ ಕೇಳುವುದಿಲ್ಲ. "ಲೈಸೆನ್ಸ್ ಬರುತ್ತಲ್ಲಮ್ಮಾ?" ಅಂತಾರೆ. ಮುಂದಿನ ವಾರ ಮೊದಲ ಇಂಟರ್‌ವ್ಯೂ ಇದೆ, ರಾತ್ರಿ ಏಳೂವರೆಗೆ. ಮಾವ ಅಂಗಡಿಯ ಹಿಂದಿನ ರೂಮನ್ನು ಖಾಲಿ ಮಾಡಿಕೊಟ್ಟಿದ್ದಾರೆ. ಅಲ್ಲಿ ಇಂಟರ್‌ನೆಟ್ ಚೆನ್ನಾಗಿ ಬರುತ್ತದೆ.